ಹಳೇ ಡಿಎಕ್ಸ್7 ತಗೋಳ್ಲೊ, ಎಕ್ಸ್‌ಪಿಎಸ್-10 ತಗೋಳ್ಲೊ? ನಾದ ನೋಡಬೇಕೋ ಸವಲತ್ತು ನೋಡಬೇಕೋ ಹೇಳ್ರಿ

ಉಣಕಲ್_ಕೀಬೋರ್ಡ್
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಹುಬ್ಬಳ್ಳ್ಯಾಗ ಐದಾರು ಮಂದೀದು ಸಣ್ಣ ಆರ್ಕೆಸ್ಟ್ರಾ. ಗಣಪತಿ ಹಬ್ಬ, ಜಾತ್ರಿ, ಮದುವಿ ರಿಸೆಪ್ಷನ್, ಕರದಲ್ಲಿ ನುಡಸ್ತೀವಿ. ನನ್ನ ಕೀಬೋರ್ಡ್ ಕಥಿ ಮುಗೀತು, ಸೀಸನ್ ಶುರು ಆಗೂದ್ರೊಳಗ ಒಂದು ತಗೋಬೇಕು. ರೊಕ್ಕ ಒಂದಕ್ಕಷ್ಟ ಐತಿ.

ಈಗ ಎರಡು ಸಿಕ್ಕಾವು, ಎರಡೂ ಸೆಕೆಂಡ್ ಹ್ಯಾಂಡ್, ರೇಟು ಹತ್ರಹತ್ರ ಒಂದ. ಒಂದು ರೋಲ್ಯಾಂಡ್ ಎಕ್ಸ್‌ಪಿಎಸ್-10, ನಿಮಗೆಲ್ಲಾ ಗೊತ್ತಿದ್ದದ್ದ. ಇನ್ನೊಂದು ಧಾರವಾಡದಾಗ ಒಬ್ಬರು ಹಿರೇರ ಮನ್ಯಾಗ ಇರೋ ಯಮಹಾ ಡಿಎಕ್ಸ್7, ಮೊದಲನೇ ಮಾಡೆಲ್ಲು. ಅವರು ಹಿಂದ ದೊಡ್ಡ ಪಾರ್ಟ್ಯಾಗ ನುಡಸ್ತಿದ್ದವರು, ಈಗ ಕೈ ನಡಗ್ತಾವ ಅಂತ ಕೊಡಾಕತ್ತಾರ. ಹೋಗಿ ನುಡಿಸಿ ಬಂದೆ. ಆ ಎಲೆಕ್ಟ್ರಿಕ್ ಪಿಯಾನೋ ಮೆತ್ತಗ ಒತ್ತಿದ್ರ ಒಂದು ಥರಾ, ಜೋರ್ ಒತ್ತಿದ್ರ ಘಣ್ ಅಂತ ಬ್ಯಾರೆ ಥರಾ, ನಡಕ ಎಲ್ಲೂ ಒಡಕ ಇಲ್ಲ. ರಾತ್ರಿ ಮಲಗಿದ್ರೂ ಅದ ಕಿವ್ಯಾಗ.

ಆದ್ರ ಸ್ಪ್ಲಿಟ್ (ಎಡಗೈಗೆ ಒಂದು, ಬಲಗೈಗೆ ಒಂದು ಟೋನ್) ಇಲ್ಲ, ಒಂದರ ಮ್ಯಾಲೊಂದು ಟೋನ್ ಕೂಡ್ಸಾಕ ಬರಂಗಿಲ್ಲ, ರಿವರ್ಬ್ (ನಾದದ ಗುಂಗು) ಇಲ್ಲ, ಔಟ್‌ಪುಟ್ ಮೋನೋ, ಒಳಗ 32 ಟೋನ್ ಅಷ್ಟ. ಎಕ್ಸ್‌ಪಿಎಸ್ ಒಳಗ ಇವೆಲ್ಲಾ ಅದಾವು, ಆದ್ರ ಎದಿಗೆ ಏನೂ ಆಗ್ಲಿಲ್ಲ. ಏನ್ ಮಾಡ್ಲಿ?

ರಾಣೆಬೆನ್ನೂರ_ಪ್ಯಾಸೆಂಜರ್
ಎರಡೂ ತಗೊಂಡು ಒಂದನ್ನ ನನಗ ಕೊಡ್ರಿ

ಸ್ಟೇಜ್_ಕಾಕಾ
ತಮ್ಮಾ, ಇದರಾಗ ವಿಚಾರ ಮಾಡೂದೇನೈತಿ, ಎಕ್ಸ್‌ಪಿಎಸ್ ತಗೊ. ನಾ ಆರ್ಕೆಸ್ಟ್ರಾದಾಗ ಕೂದ್ಲಾ ಬೆಳ್ಳಗ ಮಾಡ್ಕೊಂಡಾಂವ, ಅದಕ್ಕ ಹೇಳ್ತೀನಿ. ಸ್ಟೇಜ್ ಮ್ಯಾಲೆ ಹಾಡೋ ಹುಡುಗಿ ಹಿಂದ ತಿರುಗಿ "ಅಣ್ಣಾ ಇವತ್ತ ಗಂಟಲಾ ಕುಂತೈತಿ, ಒಂದು ಮನಿ ಇಳಸ್ರಿ" ಅಂತಾಳ. ಎಕ್ಸ್‌ಪಿಎಸ್ ಒಳಗ ಟ್ರಾನ್ಸ್‌ಪೋಸ್ ಬಟನ್ ಒತ್ತಿದ್ರ ಮುಗೀತು. ಡಿಎಕ್ಸ್7 ಒಳಗ ಎಡಿಟ್ ಮೋಡಿಗೆ ಹೋಗಿ ಕೀ ಟ್ರಾನ್ಸ್‌ಪೋಸ್ ಹುಡುಕಬೇಕು, ಅದೂ ಆ ಒಂದು ಟೋನಿಗಷ್ಟ, ಮುಂದಿನ ಟೋನಿಗೆ ಹೋದ್ರ ಮತ್ತ ಹಳೇ ಶ್ರುತಿ. ಅಷ್ಟ್ರಾಗ ಪಲ್ಲವಿ ಮುಗದು ಮಂದಿ ಸೀಟಿ ಹೊಡ್ಯಾಕ ಶುರು ಮಾಡಿರ್ತಾರ.

ಮತ್ತ ನಾದ ನಾದ ಅಂತೀ, ಆ ಮೈದಾನದಾಗ ಮೈಕ್‌ಸೆಟ್ಟಿನಾಂವ ಬಾಸ್ ಎತ್ತಿ ಎತ್ತಿ ಎಲ್ಲಾ ಒಂದ ಮಾಡಿರ್ತಾನ. ಕೆಳಗ ಗಿರ್ಮಿಟ್ ತಿನ್ಕೋತ ನಿಂತ ಮಂದಿಗೆ ಎಫ್‌ಎಂ (ಲೆಕ್ಕದಿಂದ ಹುಟ್ಟಿದ ನಾದ) ಯಾವುದು ಸ್ಯಾಂಪಲ್ (ರೆಕಾರ್ಡ್ ಮಾಡಿದ ನಾದ) ಯಾವುದು ಅಂತ ತಿಳಿತೈತೇನು?

ಗದಗ_ಪೇಟಿ
ಮಂದಿಗೆ ತಿಳ್ಯಂಗಿಲ್ಲ ಖರೆ ಕಾಕಾ, ಆದ್ರ ನುಡಸಾಂವಗ ತಿಳಿತದಲ್ರಿ. ಛಲೋ ನಾದ ಕೈಯಾಗ ಬಂತಂದ್ರ ನುಡ್ಸೋ ರೀತಿನ ಬ್ಯಾರೆ ಆಗ್ತದ. ಅದು ಮಂದಿಗೆ ಮುಟ್ಟತದ, ಹೆಸರು ಹೇಳಾಕ ಬರ್ದಿದ್ರೂ.

ನಾ ಭಜನಿ ಪೇಟಿ (ಹಾರ್ಮೋನಿಯಂ) ನುಡಸಾಂವ. ಪೇಟಿಕಿಂತ ನ್ಯೂನತೆ ಇರೋ ವಾದ್ಯ ಯಾವುದೈತಿ ಹೇಳ್ರಿ? ಮೀಂಡ ಬರಂಗಿಲ್ಲ, ಕೂಡ್ಸಿದ ಶ್ರುತಿ ಬದ್ಲಾಗಂಗಿಲ್ಲ, ಇದ ಕಾರಣಕ್ಕ ಆಕಾಶವಾಣಿಯವರು 1940ರಾಗ ಪೇಟೀನ ಹೊರಗ ಹಾಕಿದ್ರು, 1971ರಾಗ ಸಡಿಲ ಮಾಡಿದ್ರು. ನಮ್ಮ ಧಾರವಾಡ ಸ್ಟೇಷನ್ ಶುರು ಆಗಿದ್ದು 1950ರಾಗ, ಅಂದ್ರ ಮೊದಲ ಇಪ್ಪತ್ತು ವರ್ಷ ಅಲ್ಲಿ ಪೇಟಿಗೆ ಬಾಗ್ಲಾ ಬಂದ್. ಆದ್ರ ಹೊರಗ ಮೈಫಿಲಿನಾಗ ಗವಾಯಿಗಳು ಪೇಟಿ ಬಿಟ್ರೇನು? ನಮ್ಮ ಗದಗಿನ ಪುಟ್ಟರಾಜ ಗವಾಯಿಗಳು ಸಾರಂಗಿ, ವಯಲಿನ್, ತಬಲಾ ಎಲ್ಲಾ ಬಲ್ಲವರು, ಪೇಟೀನೂ ಅಷ್ಟ ಪ್ರೀತಿಲೆ ನುಡಸ್ತಿದ್ರು. ನ್ಯೂನತೆ ಪಟ್ಟಿ ಮಾಡ್ಕೋತ ಕುಂತ್ರ ಯಾವ ವಾದ್ಯಾನೂ ಕೊಳ್ಳಾಕ ಆಗಂಗಿಲ್ಲ.

ಸ್ಟೇಜ್_ಕಾಕಾ
@ಗದಗ_ಪೇಟಿ ಪೇಟಿ ಹೊತ್ಕೊಂಡು ಟೆಂಪೋ ಹತ್ತೀಯೇನಪಾ, ಡಿಎಕ್ಸ್7 14 ಕೆಜಿ ಐತಿ, ಮ್ಯಾಲೆ ಕೇಸು ಬ್ಯಾರೆ. ಎಕ್ಸ್‌ಪಿಎಸ್ ಒಂದ ಕೈಯಾಗ ಹಿಡ್ಕೊಂಡು ಚಿಗರಿ ಬಸ್ಸಿನಾಗ ಹೋಗಬೌದು

ರಾಣೆಬೆನ್ನೂರ_ಪ್ಯಾಸೆಂಜರ್
ಚಿಗರ್ಯಾಗ ಸಂಜಿ ಮುಂದ ನೀವು ಹತ್ತಿದ್ರ ಸಾಕು, ಕೀಬೋರ್ಡ್ ಆಮ್ಯಾಲೆ 😂

ಬೆಡ್‌ರೂಮ್_ಬೀಟ್ಸ್
ಯಾಕ ಎಲ್ಲಾರೂ ಇಷ್ಟ ಜಗಳಾಡಾಕತ್ತೀರಿ, ಡೆಕ್ಸೆಡ್ ಅಂತ ಒಂದು ಸಾಫ್ಟ್‌ವೇರ್ ಐತಿ, ಪೂರಾ ಫ್ರೀ. ಡಿಎಕ್ಸ್7 ಟೋನ್ ಫೈಲು ಹಂಗ ಹಂಗ ತಗೋತದ. 32 ಟೋನಿನ ಒಂದು ಬ್ಯಾಂಕ್ ಎಲ್ಲಾ ಸೇರಿ ನಾಕು ಕಿಲೋಬೈಟ್ ಅಷ್ಟರಿ, ನೀವು ವಾಟ್ಸಾಪಿನಾಗ ಕಳ್ಸೋ ಗುಡ್ ಮಾರ್ನಿಂಗ್ ಫೋಟೋ ಅದರಕಿಂತ ಎಷ್ಟೋ ಪಟ್ಟು ದೊಡ್ಡದಿರ್ತದ. ನೆಟ್ಟಿನಾಗ ಸಾವಿರಗಟ್ಟಲೆ ಟೋನ್ ಬಿದ್ದಾವು. ಎಕ್ಸ್‌ಪಿಎಸ್ ತಗೊಂಡು ಲ್ಯಾಪ್‌ಟಾಪಿಗೆ ಜೋಡ್ಸ್ರಿ, ಎರಡೂ ಬಂತು

ಸ್ಟೇಜ್_ಕಾಕಾ
ಜಾತ್ರ್ಯಾಗ ಲ್ಯಾಪ್‌ಟಾಪು!! ಜನರೇಟರ್ ಒಮ್ಮೆ ಕೆಮ್ಮಿದ್ರ ನಿನ್ನ ವಿಂಡೋಸ್ ಅಪ್‌ಡೇಟ್ ಕೇಳ್ತೈತಿ

ಬೆಡ್‌ರೂಮ್_ಬೀಟ್ಸ್
ಲ್ಯಾಪ್‌ಟಾಪಿಗೆ ಬ್ಯಾಟರಿ ಇರ್ತದ ಕಾಕಾ, ಕೀಬೋರ್ಡಿಗೆ ಇರಂಗಿಲ್ಲ 🙂 ಆದ್ರ ಲೇಟೆನ್ಸಿ ಖರೆ. ಆಡಿಯೋ ಇಂಟರ್‌ಫೇಸ್ ಇಲ್ಲದ ನೇರ ಹೆಡ್‌ಫೋನ್ ತೂತಿನಿಂದ ತಗದ್ರ ಕೀ ಒತ್ತಿ ಸ್ವಲ್ಪ ತಡಾಗಿ ಕೇಳಸ್ತದ, ತಾಳ ಕೈ ಕೊಡ್ತದ. ಅದಕ್ಕ ಇಂಟರ್‌ಫೇಸ್ ಬ್ಯಾರೆ ರೊಕ್ಕ.

ಉಣಕಲ್_ಕೀಬೋರ್ಡ್
ಲ್ಯಾಪ್‌ಟಾಪ್ ಇಲ್ರಿ ನನ್ನ ಕಡೆ. ಮನ್ಯಾಗ ತಂಗೀದು ಐತಿ, ಮುಟ್ಟಿದ್ರ ಕೈ ಮುರಿತಾಳ.

ಸರ್ಕೀಟ್_ಹಾವೇರಿ
ನಾದ ಸವಲತ್ತು ಅಂತ ಎಲ್ಲಾರೂ ಹೇಳಾಕತ್ತೀರಿ, ವಯಸ್ಸಿನ ಬಗ್ಗೆ ಯಾರೂ ಹೇಳವಲ್ರಿ. ಡಿಎಕ್ಸ್7 ಬಂದಿದ್ದು 1983ರಾಗ. ನಾ ಆಂಪ್ಲಿಫೈಯರ್, ಕೀಬೋರ್ಡ್ ರಿಪೇರಿ ಮಾಡ್ತೀನಿ, ಇಂಥಾವು ಕೈಗೆ ಬಂದಾವು.

ಹೋದಾಗ ಮೊದ್ಲು ಹಿಂದಿನ ಲೇಬಲ್ ನೋಡ್ರಿ. ಆ ಕಾಲದಾಗ ಹೊರದೇಶದಿಂದ ತಂದಿದ್ದು ಭಾಳ, ಜಪಾನಿನ ಪೀಸ್ ಇದ್ರ 100 ವೋಲ್ಟ್ ಇರ್ತದ, ನಮ್ಮ ಪ್ಲಗ್ಗಿಗೆ ನೇರ ಹಾಕಿದ್ರ ಹೊಗಿ. ಹಿರೇರು ಟ್ರಾನ್ಸ್‌ಫಾರ್ಮರ್ ಇಟ್ಟು ನುಡಸ್ತಿದ್ರೇನು ಕೇಳ್ರಿ. ಆಮ್ಯಾಲೆ 61 ಕೀನೂ ಒಂದೊಂದಾಗಿ ಮೆತ್ತಗ ಒಮ್ಮೆ ಜೋರ್ ಒಮ್ಮೆ ಒತ್ರಿ, ಒಂದು ಕೀ ಯಾವಾಗ್ಲೂ ಜೋರ ಕೂಗ್ತದಂದ್ರ ಒಳಗಿನ ಕಾಂಟ್ಯಾಕ್ಟ್ ಕೊಳಿ ಹಿಡದೈತಿ, ಅದು ಸ್ವಚ್ಛ ಮಾಡಿದ್ರ ಹೋಗ್ತದ, ಭಯ ಬ್ಯಾಡ. ಆಫ್ಟರ್‌ಟಚ್‌ಗೆ (ಒತ್ತಿದ ಕೀನ ಇನ್ನೂ ಅದುಮಿದ್ರ ನಾದ ಬದ್ಲಾಗೂದು) ಬಲ ಹಾಕಬೇಕಾಗ್ತದ, ಅದು ಹೊಸದಿದ್ದಾಗೂ ಹಂಗ ಇತ್ತು. ಮ್ಯಾಲಿನ ಹಸಿರು ಬಟನ್ ಎಲ್ಲಾ ಒತ್ರಿ. ಒಳಗ ನೆನಪಿಟ್ಕೊಳ್ಳಾಕ ಒಂದು ಸಣ್ಣ ಬ್ಯಾಟರಿ ಇರ್ತದ, ಅದನ್ನ ಬೆಸುಗಿ ಹಾಕಿರ್ತಾರ, ಗಡಿಯಾರದ ಸೆಲ್ ಬದಲಿಸಿದಂಗ ಬದಲಿಸಾಕ ಬರಂಗಿಲ್ಲ. ಅದು ಸತ್ರ 32 ಟೋನೂ ಕಸ ಆಗ್ತಾವು. ಅದಕ್ಕ ಮೊದ್ಲು ಮಿಡಿ (ವಾದ್ಯ, ಕಂಪ್ಯೂಟರ್ ಒಂದಕ್ಕೊಂದು ಜೋಡ್ಸೋ ವ್ಯವಸ್ಥಾ) ಮೂಲಕ ಸಿಸೆಕ್ಸ್ (ಟೋನಿನ ಫೈಲು) ತಗದಿಟ್ಕೊಂಡು ಆಮ್ಯಾಲೆ ಬಿಚ್ಚಬೇಕು.

ಸ್ವಲ್ಪ ಸುಯ್ ಅನ್ನೋ ಸದ್ದು ಹಿಂದ ಇದ್ದ ಇರ್ತದ, ಅದಕ್ಕ ರೇಟು ಇಳಸಾಕ ಹೋಗಬ್ಯಾಡ್ರಿ, ಮೊದಲನೇ ಮಾಡೆಲ್ಲಿನ ಗುಣಾನ ಅದು.

ಇನ್ನೊಂದು. ಇದನ್ನ ಸೀಸನ್ನಿನ ನಡಕ ಕೆಟ್ಟರ ಇಲ್ಲೇ ರಿಪೇರಿ ಮಾಡಿಸ್ತೀನಿ ಅಂದ್ರ ಕಷ್ಟ. ಕೀ, ಸ್ವಿಚ್ ಇಂಥಾವು ಹೆಂಗರ ಮಾಡಬೌದು, ಒಳಗಿನ ಯಮಹಾ ಚಿಪ್ ಹೋತಂದ್ರ ಇನ್ನೊಂದು ಸತ್ತ ಡಿಎಕ್ಸ್7 ಹುಡುಕಬೇಕು.

ಗದಗ_ಪೇಟಿ
@ಸರ್ಕೀಟ್_ಹಾವೇರಿ ಇಷ್ಟೆಲ್ಲಾ ಹೇಳಿ ತಗೋ ಅಂದ್ರೋ ಬ್ಯಾಡ ಅಂದ್ರೋ ತಿಳೀಲೇ ಇಲ್ಲ

ಸರ್ಕೀಟ್_ಹಾವೇರಿ
ನಾ ರಿಪೇರಿಯಾಂವ, ತಗೋ ಅಂತ ಹೇಳಾಂವ 😀

ಸಪ್ತಾಪುರ_ಅಕ್ಕ
ತಮ್ಮಾ, ನೀವು ಸಿನಿಮಾ ಹಾಡು ಅಷ್ಟ ನುಡಸ್ತೀರೋ ಭಕ್ತಿಗೀತೆ, ವಚನ, ದಾಸರಪದ ಇವೂ ಅದಾವೋ? ಯಾಕ ಕೇಳಿದೆ ಅಂದ್ರ ನಮ್ಮ ಕಡೆ ವಚನ ಇಲ್ಲದ ಕಾರ್ಯಕ್ರಮ ಶುರು ಆಗಂಗಿಲ್ಲ, ಅಲ್ಲಿ ಸ್ಕೇಲ್ ಟ್ಯೂನ್ ಭಾಳ ಉಪಯೋಗ. ಕೀಬೋರ್ಡಿನ ಗಂಧಾರ ತಂಬೂರಿ ಗಂಧಾರಕಿಂತ 14 ಸೆಂಟ್ (ಒಂದು ಮನಿ ಅಂದ್ರ 100 ಸೆಂಟ್) ಏರೈತಿ, ತಂಬೂರಿ ಹಾಕಿ ಹಿಡಿದು ಕೇಳ್ರಿ, ಕಿವಿಗೆ ಚುಚ್ಚತದ. ಎಕ್ಸ್‌ಪಿಎಸ್ ಒಳಗ ಸ್ವರಾ ಸ್ವರಾ ಇಳಸಬೌದು. ನಾ ಶುದ್ಧ ಸ್ವರಕ್ಕ ಗ ಮೈನಸ್ 14, ಧ ಮೈನಸ್ 16, ನಿ ಮೈನಸ್ 12, ರಿ ಪ್ಲಸ್ 4, ಪ ಪ್ಲಸ್ 2, ಮ ಮೈನಸ್ 2 ಅಂತ ಹಾಕಿ ಕಲಿಸ್ತೀನಿ. ಷಡ್ಜ ಬದಲಾದ್ರ ಈ ಲೆಕ್ಕಾನೂ ಸರದು ಹೋಗ್ತದ, ಅದೊಂದು ನೆನಪಿಡ್ರಿ. ಮೊದಲನೇ ಡಿಎಕ್ಸ್7 ಒಳಗ ಇದು ಇಲ್ಲ, ಮುಂದ 1987ರ ಹೊತ್ತಿಗೆ ಬಂದ ಡಿಎಕ್ಸ್7 ಎರಡನೇ ಮಾಡೆಲ್ಲಿನಾಗ ಕೊಟ್ರು, ಸ್ಪ್ಲಿಟ್ಟೂ ಅದರಾಗ ಬಂತು.

ಆದ್ರ ಡಿಎಕ್ಸ್7 ಒಳಗ ಒಂದು ಸವಲತ್ತು ಐತಿ, ಅದು ಎಕ್ಸ್‌ಪಿಎಸ್ ಒಳಗಿಲ್ಲ, ಯಾರೂ ಹೇಳ್ಲಿಲ್ಲ. ಬ್ರೆತ್ ಕಂಟ್ರೋಲರ್. ಬಾಯಾಗ ಇಟ್ಕೊಂಡು ಊದಿದ್ರ ನಾದ ಏರ್ತದ ಇಳಿತದ. ಶಹನಾಯಿ ಟೋನಿಗೆ, ಕೊಳಲಿಗೆ, ಬೆರಳಿಗಿಂತ ಉಸಿರು ಎಷ್ಟೋ ಪಾಲು ಮೇಲು. ಸವಲತ್ತು ಅಂದ್ರ ಹೊಸದ್ರಾಗಷ್ಟ ಇರ್ತದ ಅಂತ ತಿಳ್ಕೋಬ್ಯಾಡ್ರಿ.

ಉಣಕಲ್_ಕೀಬೋರ್ಡ್
ಅಕ್ಕಾರ, ಅದು ಗೊತ್ತಿರಲಿಲ್ರಿ! ಒಂದು ತೂತಿತ್ತು, ಏನಂತ ಕೇಳಿದ್ದಿಲ್ಲ. ಹೂಂ, ಮೊದ್ಲು ಎರಡು ವಚನ, ಒಂದು ಗಣಪತಿ ಹಾಡು, ಆಮ್ಯಾಲೆ ಸಿನಿಮಾ, ಕಡೀಕ ಡಿಜೆ ಥರದ್ದು.

ಢೋಲಕ್_ಧಾರವಾಡ
ಎಕ್ಸ್‌ಪಿಎಸ್ ತಗೊಂಡ್ರ ಒಂದು ಮಾತು ಕೊಡ್ರಿ, ಲೂಪ್ ಹಾಕಿ ನಮ್ಮನ್ನ ಮನಿಗೆ ಕಳಸಬ್ಯಾಡ್ರಿ. ನಾ ನೋಡೇನಿ, ಪೆನ್‌ಡ್ರೈವಿನಾಗ ಢೋಲಕ್ಕು, ಹಲಗಿ, ನಾಶಿಕ್ ಡೋಲು ಎಲ್ಲಾ ತುಂಬ್ಕೊಂಡು ಬರ್ತಾರ, ಪ್ಯಾಡ್ ಒತ್ತಿ ಬಿಟ್ಟು ಕೈ ಕಟ್ಕೊಂಡು ನಿಂತ್ಕೋತಾರ. ಹಾಡವ್ರು ಅನುಪಲ್ಲವಿ ಮ್ಯಾಲೆ ಸ್ವಲ್ಪ ತಡದು ಬರಬೇಕಂದ್ರೂ ಲೂಪ್ ತಡ್ಯಂಗಿಲ್ಲ. ಏಳು ಮಂದಿ ಇದ್ದ ಪಾರ್ಟಿ ಮೂರಾಗಿದ್ದು ಹಿಂಗ. ಸವಲತ್ತು ಸವಲತ್ತು ಅಂತೀರಿ, ಒಬ್ಬರ ಸವಲತ್ತು ಇನ್ನೊಬ್ಬರ ಊಟ

ಸ್ಟೇಜ್_ಕಾಕಾ
ಢೋಲಕ್ ದೋಸ್ತ, ಪಾರ್ಟಿ ಮೂರಾಗಿದ್ದು ಲೂಪಿನಿಂದ ಅಲ್ಲಪಾ, ಕಮಿಟಿಯವರು ಕೊಡೋ ರೊಕ್ಕದಿಂದ. ಪೆಂಡಾಲಿಗೆ ಲೈಟಿಗೆ ಕೈ ಬಿಚ್ಚಿ ಕೊಡ್ತಾರ, ನಮ್ಮ ಹತ್ರ ಬಂದಾಗ "ಊರ ಕೆಲಸ ಐತ್ರಿ" ಅಂತಾರ. ಏಳು ಮಂದಿಗೆ ಹಂಚಿದ್ರ ಪೆಟ್ರೋಲಿಗೂ ಸಾಲಂಗಿಲ್ಲ.

ಢೋಲಕ್_ಧಾರವಾಡ
ಅದೂ ಖರೆ.

ರಾಣೆಬೆನ್ನೂರ_ಪ್ಯಾಸೆಂಜರ್
ಕಮಿಟಿ ಬಗ್ಗೆ ಬ್ಯಾರೆ ಚರ್ಚಾ ಶುರು ಮಾಡ್ರಿ, ನಾನೂ ಬರ್ತೀನಿ ಹೇಳೂದು ಭಾಳ ಐತಿ

ಊರುಬಿಟ್ಟ_ಸಿಂಥು
ಹಾವೇರ್ಯಾಂವ, ಈಗ ಬೆಂಗಳೂರಾಗ ಇರ್ತೀನಿ, ಹಳೇ ಸಿಂಥಿನ ಹುಚ್ಚು. ಎಲ್ಲಾ ಓದಿದೆ, ನಗು ಬಂತು. ಡಿಎಕ್ಸ್7 ಅಂದ್ರ ನಾದ, ಎಕ್ಸ್‌ಪಿಎಸ್ ಅಂದ್ರ ಸವಲತ್ತು ಅಂತ ಎರಡು ಪಾರ್ಟಿ ಮಾಡ್ಕೊಂಡು ಬಡದಾಡಾಕತ್ತೀರಿ. 1983ರಾಗ ಡಿಎಕ್ಸ್7 ಮಾರಾಟ ಆಗಿದ್ದ ಸವಲತ್ತಿನ ಮ್ಯಾಲೆ! ಅದಕ್ಕೂ ಮೊದ್ಲು 1970ರ ಮಿನಿಮೂಗ್ ಒಳಗ ಒಂದು ಸಲಕ್ಕ ಒಂದ ಸ್ವರ, ಟೋನ್ ನೆನಪಿಟ್ಕೊಳ್ಳಾಕೂ ಬರ್ತಿರಲಿಲ್ಲ, ಪ್ರತಿ ಹಾಡಿಗೂ ಗುಬ್ಬಿ ತಿರುವಿ ತಿರುವಿ ಕೂಡಸಬೇಕು. 1978ರಾಗ ಪ್ರಾಫೆಟ್-5 ಬಂತು, ಐದು ಸ್ವರ, 40 ಟೋನ್ ಮೆಮೊರಿ, ಅದಕ್ಕ ಮಂದಿ ಮುಗಿಬಿದ್ರು. ಐದು ವರ್ಷದ ಮ್ಯಾಲೆ ಡಿಎಕ್ಸ್7 ಬಂದು 16 ಸ್ವರ, ವೆಲಾಸಿಟಿ (ಒತ್ತಿದ ಬಲಕ್ಕ ತಕ್ಕ ನಾದ), ಆಫ್ಟರ್‌ಟಚ್, ಮಿಡಿ, ಬಿಸಿಲಿಗೆ ಲೈಟಿಗೆ ಶ್ರುತಿ ಕದಲದ ಡಿಜಿಟಲ್ಲು, ಎಲ್ಲಾ ಸೇರಿ 1,995 ಡಾಲರಿಗೆ ಕೊಡ್ತು. ಆಗ ಹಳೇ ಅನಲಾಗ್ ಮಂದಿ ಅದಕ್ಕ ಏನಂದ್ರು ಗೊತ್ತೇನು? ನಾದ ತಣ್ಣಗೈತಿ, ಜೀವ ಇಲ್ಲ, ಸವಲತ್ತು ನೋಡಿ ಮರುಳಾಗಬ್ಯಾಡ್ರಿ. ಇವತ್ತು ನೀವು ಎಕ್ಸ್‌ಪಿಎಸ್‌ಗೆ ಅನ್ನಾಕತ್ತೀರಲ್ಲ, ಅದ ಮಾತು.

ಹಂಗಂತ ನಾದ ಸುಳ್ಳು ಅಂತ ನಾ ಹೇಳವಲ್ಲೆ. ನೀವು ಹೇಳಿದಂಗ ಆ ಪಿಯಾನೋ ಒತ್ತಿದ ಬಲಕ್ಕ ತಕ್ಕಂಗ ಬದ್ಲಾಗೂದು ಎಫ್‌ಎಂ ಲೆಕ್ಕದಿಂದ, ಒಂದು ಅಲೆ ಇನ್ನೊಂದು ಅಲೆಯ ಆವರ್ತನ ಅಲಗಾಡಸ್ತದ, ಜೋರ್ ಒತ್ತಿದ್ರ ಹೆಚ್ಚು ಅಲಗಾಡಸ್ತದ, ಆಗ ನಾದದ ಬಣ್ಣಾನ ಬ್ಯಾರೆ ಆಗ್ತದ. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಾಗ ಕಂಡ್ಕೊಂಡಿದ್ದು, ಯಮಹಾದವರು ಲೈಸೆನ್ಸ್ ತಗೊಂಡು ಆರು ಆಪರೇಟರ್ (ಅಲೆ ಹುಟ್ಸೋ ಘಟಕ), 32 ಅಲ್ಗಾರಿದಮ್ (ಅವನ್ನ ಜೋಡ್ಸೋ ರೀತಿ) ಮಾಡಿ ಡಬ್ಬಿಗೆ ಹಾಕಿದ್ರು. ಸ್ಯಾಂಪಲ್ ಕೀಬೋರ್ಡಿನಾಗ ರೆಕಾರ್ಡ್ ಮಾಡಿದ್ದನ್ನ ಸಣ್ಣ ದೊಡ್ಡ ಮಾಡ್ತಾರ, ಒತ್ತಿದ ಬಲಕ್ಕ ತಕ್ಕಂಗ ಕೆಲವ ಪದರ ಅಷ್ಟ. ಅದಕ್ಕ ಎದಿಗೆ ಆಗಲಿಲ್ಲ ನಿಮಗ.

ಈಗ ನಿಮ್ಮ ಪ್ರಶ್ನೆ. ನ್ಯೂನತೆ ಒಳಗ ಎರಡು ನಮೂನಿ. ಕೆಲವು ನಿಮ್ಮನ್ನ ಬರೇ ಬಿಗಿ ಮಾಡ್ತಾವು, 32 ಟೋನ್ ಅಂದ್ರ 32ರಾಗ ಕೆಲಸ ಮುಗಸಬೇಕು, ಅಷ್ಟ. ರಿವರ್ಬ್ ಇಲ್ಲಾಂದ್ರ ಹೊರಗಿಂದ ಒಂದು ಪೆಡಲ್ ಹಾಕಬೌದು, ಇಲ್ಲಾ ಮಿಕ್ಸರ್‌ನಾಂವಗ ಹೇಳಬೌದು. ಇನ್ನ ಕೆಲವು ನಡು ಹಾಡಿನಾಗ ಕೈ ಕಟ್ಟತಾವು, ಅವಕ್ಕ ಹೊರಗಿಂದ ಏನೂ ಮಾಡಾಕ ಬರಂಗಿಲ್ಲ. ಸ್ಪ್ಲಿಟ್ ಅಂಥಾದ್ದು, ಟ್ರಾನ್ಸ್‌ಪೋಸ್ ಅಂಥಾದ್ದು. ಆ ಡಿಸ್‌ಪ್ಲೇಕ್ಕ ಹಿಂದ ಬೆಳಕೂ ಇಲ್ಲ, ಕತ್ತಲ ಸ್ಟೇಜಿನಾಗ ಯಾವ ನಂಬರಿನಾಗ ಅದೀರಿ ಅಂತ ಮೊಬೈಲ್ ಟಾರ್ಚ್ ಹಿಡದು ನೋಡಬೇಕು. ನೀವು ಹೋದ ಸೀಸನ್ನಿನ ಹಾಡಿನ ಪಟ್ಟಿ ತಗದು ಕುಂತ್ಕೊಂಡು ಯಾವ ಹಾಡಿನಾಗ ಎಡಗೈಗೆ ಒಂದು ಬಲಗೈಗೆ ಒಂದು ಟೋನ್ ಬೇಕಿತ್ತು ಗುರ್ತು ಹಾಕ್ರಿ. ಅರ್ಧದಕಿಂತ ಹೆಚ್ಚು ಬಂದ್ರ ಡಿಎಕ್ಸ್7 ಮರ್ತಬಿಡ್ರಿ, ಒಬ್ರ ಕೀಬೋರ್ಡಿನಾಂವ ಇರೋ ಪಾರ್ಟಿಗೆ ಅದು ಆಗಿಬರಂಗಿಲ್ಲ. ಅದು ಎರಡನೇ ಕೀಬೋರ್ಡ್ ಆಗಿ ಛಲೋ.

ಗದಗ_ಪೇಟಿ
ನ್ಯೂನತೆ ಇದ್ರ ಕಲಾವಿದ ಬೆಳೀತಾನ ಅಂತಾರಲ್ರಿ ಆದ್ರ

ಊರುಬಿಟ್ಟ_ಸಿಂಥು
ಸ್ಟುಡಿಯೋದಾಗ ಬೆಳೀತಾನ್ರಿ, ಟೈಮ್ ಇರ್ತದ. ಜಾತ್ರ್ಯಾಗ ಬೆಳ್ಯಾಕ ಹೋದ್ರ ಮಂದಿ ಕಳಿಸಿಬಿಡ್ತಾರ. ರೋಲ್ಯಾಂಡಿನ ಹಳೇ ಜುನೋ-60 ನೋಡ್ರಿ, ವೆಲಾಸಿಟಿ ಇಲ್ಲ, ಮಿಡಿ ಇಲ್ಲ, ಇವತ್ತಿಗೂ ಅದರ ಕೋರಸ್ಸಿಗೆ (ನಾದ ದಪ್ಪ ಮಾಡೋ ಎಫೆಕ್ಟ್) ಮಂದಿ ಸಾಯ್ತಾರ. ಮುಂದಿನ ಜುನೋ-106ರಾಗ ಮಿಡಿ ಕೊಟ್ಟು ಆರ್ಪೆಜಿಯೇಟರ್ (ಹಿಡಿದ ಸ್ವರಗಳನ್ನ ತಾನ ಒಂದೊಂದಾಗಿ ನುಡ್ಸೂದು) ಕಿತ್ಕೊಂಡ್ರು. ಯಾವುದು ಮೇಲು ಅಂತ ಇನ್ನೂ ಜಗಳ ನಡದೈತಿ. ಅವ್ರೆಲ್ಲಾ ಮನ್ಯಾಗ ಕುಂತು ಜಗಳಾಡೋರು, ಯಾರಿಗೂ ನಾಳೆ ರಿಸೆಪ್ಷನ್ ಇರಂಗಿಲ್ಲ.

ಬೆಡ್‌ರೂಮ್_ಬೀಟ್ಸ್
ಕೋರ್ಗ್ ವೋಲ್ಕಾ ಎಫ್‌ಎಂ ಅಂತ ಅಂಗೈಯಷ್ಟು ಡಬ್ಬಿ ಬರ್ತದ, ಡಿಎಕ್ಸ್7 ಟೋನ್ ಎಳ್ಕೋತದ. ಮಿಡಿ ವಾಯರಿನಿಂದ ಎಕ್ಸ್‌ಪಿಎಸ್‌ಗೆ ಜೋಡಿಸಿದ್ರ ಲ್ಯಾಪ್‌ಟಾಪೂ ಬ್ಯಾಡ

ಸರ್ಕೀಟ್_ಹಾವೇರಿ
ಮೊದಲನೇದು ಮೂರ ಸ್ವರ ತಮ್ಮಾ. ಬೆರಳು ಹತ್ತು.

ಬೆಡ್‌ರೂಮ್_ಬೀಟ್ಸ್
2022ರ ಎಫ್‌ಎಂ2 ಒಳಗ ಆರು ಐತ್ರಿ!

ಸರ್ಕೀಟ್_ಹಾವೇರಿ
ಇನ್ನೂ ನಾಕು ಬೆರಳು ಖಾಲಿ. ಗಿರ್ಮಿಟ್ ತಿನ್ನಾಕ ಆತು

ಉಣಕಲ್_ಕೀಬೋರ್ಡ್
ಪಟ್ಟಿ ತಗದು ಕುಂತಿದ್ದೆ ನಿನ್ನೆ ರಾತ್ರಿ. ಸಿಂಥು ಅಣ್ಣಾರ ಹೇಳಿದಂಗ ಗುರ್ತು ಹಾಕ್ಕೋತ ಹೋದ್ರ ಮುಕ್ಕಾಲು ಪಾಲು ಸ್ಪ್ಲಿಟ್ಟ. ಎಡಗೈಯಾಗ ಸ್ಟ್ರಿಂಗ್ಸ್ ಇಲ್ಲಾ ಬಾಸ್, ಬಲಗೈಯಾಗ ಕೊಳಲು. ನಮ್ಮ ಬಾಸ್ ಗಿಟಾರಿನಾಂವ ಪುಣೆಕ್ಕ ನೌಕರಿಗೆ ಹೋದಾಗಿಂದ ಹಿಂಗ ಆಗೈತಿ.

ಒಂದು ಐಡಿಯಾ ಬಂತು. ಎಕ್ಸ್‌ಪಿಎಸ್ ತಗೊಂಡು, ಹಿರೇರಿಗೆ ಕೇಳಿ ಅವರ ಡಿಎಕ್ಸ್7 ಪಿಯಾನೋ ರೆಕಾರ್ಡ್ ಮಾಡ್ಕೊಂಡು, ಪೆನ್‌ಡ್ರೈವಿನಿಂದ ಸ್ಯಾಂಪಲ್ ಹಾಕಿದ್ರ? ಎಲ್ಲಾರೂ ಟೋನ್ ಮಾರ್ತಾರಲ್ರಿ ಹಂಗ.

ಊರುಬಿಟ್ಟ_ಸಿಂಥು
ಹಾಕಬೌದು, ಕೆಟ್ಟೇನಿರಂಗಿಲ್ಲ. ಆದ್ರ ಒಂದ ಬಲದಾಗ ಒತ್ತಿದ್ದನ್ನ ರೆಕಾರ್ಡ್ ಮಾಡ್ತೀರಿ, ಅದ ಬಣ್ಣ ಎಲ್ಲಾ ಬಲಕ್ಕೂ ಬರ್ತದ, ಸಪ್ಪಳ ಅಷ್ಟ ಹೆಚ್ಚು ಕಡಿಮಿ. ನೀವು ಮೆಚ್ಚಿದ್ದು ಆ ಬಣ್ಣ ಬದ್ಲಾಗೂದನ್ನ. ನಡುಮಧ್ಯಮ ಬಲದಾಗ ಒತ್ತಿ ತಗೋರಿ, ಮೂರ್ನಾಕು ಸ್ವರಕ್ಕ ಒಂದೊಂದು, ಬಾಲ ಪೂರಾ ಮುಗಿಯೋ ತನಕ ರೆಕಾರ್ಡಿಂಗ್ ಬಂದ್ ಮಾಡಬ್ಯಾಡ್ರಿ.

ಸಪ್ತಾಪುರ_ಅಕ್ಕ
ಫ್ಯಾನ್ ಬಂದ್ ಮಾಡಿ ವಾಯರ್ ನೇರ ಹಾಕಿ ರೆಕಾರ್ಡ್ ಮಾಡ್ರಿ. ಮೊಬೈಲ್ ಸ್ಪೀಕರ್ ಮುಂದ ಹಿಡದು ಮಾಡಿದ ಟೋನ್ ಮಾರ್ಕೆಟ್ಟಿನಾಗ ಬೇಕಾದಷ್ಟು ಅದಾವು, ಒಂದರಾಗ ಕುಕ್ಕರ್ ಸೀಟಿ ಕೇಳೇನಿ.

ಉಣಕಲ್_ಕೀಬೋರ್ಡ್
😂😂 ಆತು. ಎಕ್ಸ್‌ಪಿಎಸ್‌ಗೆ ಅಡ್ವಾನ್ಸ್ ಕೊಟ್ಟೆ ಇವತ್ತ. ಹಿರೇರು ರೆಕಾರ್ಡ್ ಮಾಡ್ಕೊ ಬಾ ಅಂದಾರ, ಆದ್ರ ಮಷೀನು ಸೀಸನ್ ಮುಗಿಯೋ ತನಕ ಇಟ್ಕೊಳ್ರಿ ಅಂದ್ರ ಆಗಂಗಿಲ್ಲ, ಬೆಳಗಾವಿಯಿಂದ ಯಾರೋ ನೋಡಾಕ ಬರ್ತಾರ ಅಂದ್ರು. ಮತ್ತ @ಸರ್ಕೀಟ್_ಹಾವೇರಿ ಲೇಬಲ್ ನೋಡಿದೆ, 100 ವೋಲ್ಟ್ ಐತಿ. ಹಿರೇರ ಹತ್ರ ಟ್ರಾನ್ಸ್‌ಫಾರ್ಮರ್ ಐತಿ ಆದ್ರ ಗುಂಯ್ ಅಂತದ.

ಢೋಲಕ್_ಧಾರವಾಡ
ಲೂಪ್ ಮಾತು ಮರಿಬ್ಯಾಡ್ರಿ

ಸ್ಟೇಜ್_ಕಾಕಾ
ಶಾಣ್ಯಾ ಆದಿ ತಮ್ಮಾ. ಮತ್ತ... ಬೆಳಗಾವಿಯವರು ಬರೂದ್ರೊಳಗ ಆ ಹಿರೇರ ನಂಬರ್ ಒಂದಿಷ್ಟು ನನಗ ಇನ್‌ಬಾಕ್ಸಿಗೆ ಹಾಕು. ಸ್ಟೇಜಿಗಲ್ಲ, ಮನ್ಯಾಗ ಇಡಾಕ.

ಗದಗ_ಪೇಟಿ
ಕಾಕಾ!!!! ಮಂದಿಗೆ ತಿಳಿತೈತೇನು ಅಂದಿದ್ರಿ?

ಸ್ಟೇಜ್_ಕಾಕಾ
ನಮ್ಮ ಮನ್ಯಾಗ ಮಂದಿ ಎಲ್ಲಿ ಅದಾರ, ನಾನು ನಿಮ್ಮ ಕಾಕು ಇಬ್ಬರ.

ಸರ್ಕೀಟ್_ಹಾವೇರಿ
ಕಾಕಾ, ಗುಂಯ್ ಅನ್ನದ ಟ್ರಾನ್ಸ್‌ಫಾರ್ಮರ್ ನನ್ನ ಕಡೆ ಐತಿ. ಎರಡು ಸಾವಿರ. ನಿಮಗಂತ ಹದಿನೆಂಟು ನೂರು.